ಪಿ.ಪಿ. ನಂಬರಿನ ಮನೆಯ ಅಮ್ಮನಿಗೆ

 

ನಿಮಗೂ ಒಂದು ಹೆಸರಿತ್ತು. ಆದರೆ ತಿಪಟೂರಿನ ನಮ್ಮ ಬೀದಿಗೆಲ್ಲ ನೀವು ಫೋನ್ ಮನೆ ಅಮ್ಮ. 1980ರ ದಶಕದ ಕೊನೆಯಲ್ಲೂ ಆ ಬೀದಿಗೆ ಇದ್ದದ್ದು ಒಂದೇ ಟೆಲಿಫೋನು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು, ಇಲ್ಲವೇ ಸಾವಿರಗಟ್ಟಲೆ ಮುಂಗಡ ಕಟ್ಟಿ ಒ.ವೈ.ಟಿ. (ಓನ್ ಯುವರ್ ಟೆಲಿಫೋನ್) ಪಟ್ಟಿಗೆ ಸೇರಬೇಕು. ನಿಮ್ಮ ಯಜಮಾನರಾದ ರಾಯರ ಕೊಬ್ಬರಿ ವ್ಯಾಪಾರದ ದೆಸೆಯಿಂದ ಫೋನು ನಿಮ್ಮ ಮನೆಗೆ ಬಂತು.

ಬಂದ ಮೇಲೆ ಅದು ನಿಮ್ಮದಾಗಿ ಉಳಿಯಿತೇ? ಹುಡುಗರ ಕೆಲಸದ ಅರ್ಜಿ, ಲಗ್ನಪತ್ರಿಕೆ, ಕೊನೆಗೆ ಟೈಲರ್ ಅಂಗಡಿಯ ಬೋರ್ಡಿನ ಮೇಲೂ ಅದೇ ನಂಬರು, ಪಕ್ಕದಲ್ಲಿ ‘ಫೋನು ಬೇರೆಯವರ ಮನೆಯದು, ಕರೆಸಬೇಕು’ ಎಂಬರ್ಥದ ಪಿ.ಪಿ. ನಿಮ್ಮನ್ನೊಂದು ಮಾತು ಕೇಳಿ ಹಾಕಿಸಿದವರು ಎಷ್ಟು ಜನವೋ.

ನೀವು ಫೋನ್ ಎತ್ತುವ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಲಗೈ ಒರಳಿನ ಹಿಟ್ಟಿನಲ್ಲಿ ಅದ್ದಿಹೋಗಿರುತ್ತಿತ್ತು. ಎಡಗೈಯ ಎರಡೇ ಬೆರಳಲ್ಲಿ ರಿಸೀವರ್ ಎತ್ತಿ, ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ‘ಯಾರು? ಮೂರನೇ ಮನೆಯವರಾ? ಇಟ್ಟುಬಿಡಿ, ಹತ್ತು ನಿಮಿಷ ಬಿಟ್ಟು ಮಾಡಿ, ಕರೆಸ್ತೀನಿ. ಸುಮ್ನೆ ದುಡ್ಡು ದಂಡ’ ಎನ್ನುತ್ತಿದ್ದಿರಿ. ಬೆಂಗಳೂರಿನ ಐಟಿಐ ಕಾರ್ಖಾನೆಯ ಆ ಕರಿ ಫೋನಿನ ಮೇಲೆ ದೋಸೆಹಿಟ್ಟಿನ ಒಣಗಿದ ಗೆರೆ ಯಾವಾಗಲೂ ಇರುತ್ತಿತ್ತು. ಕರೆಯಲು ಹುಡುಗರು ಸಿಕ್ಕದಿದ್ದರೆ ನೀವೇ ಸೆರಗಿಗೆ ಕೈ ಒರೆಸಿಕೊಂಡು ಹೊರಡುತ್ತಿದ್ದಿರಿ. ನಾವು ಮಾತು ಶುರುಮಾಡಿದ ಮೇಲೆ ಹಿತ್ತಿಲಿಗೆ ಹೋಗಿ ಬಾವಿಯಿಂದ ನೀರು ಸೇದುತ್ತಿದ್ದಿರಿ, ರಾಟೆ ಗಟ್ಟಿಯಾಗಿ ಕಿರುಗುಟ್ಟುವಂತೆ. ಮನೆಮಾತು ನಿಮ್ಮ ಕಿವಿಗೆ ಬೀಳುತ್ತಿಲ್ಲ ಎಂದು ನಮಗೆ ಗೊತ್ತಾಗಬೇಕಲ್ಲ!

ದೇವತೆಯೇನೂ ಅಲ್ಲ ಬಿಡಿ ನೀವು. ಡಯಲಿಗೆ ಪುಟ್ಟ ಬೀಗ ಜಡಿದಿದ್ದಿರಿ. ಮಧ್ಯಾಹ್ನದ ನಿದ್ದೆ ಕೆಡಿಸಿದವರಿಗೆ ಮಂಗಳಾರತಿ ತಪ್ಪುತ್ತಿರಲಿಲ್ಲ. ಅಷ್ಟೆಲ್ಲ ನೀರು ಸೇದಿಯೂ ಯಾರ ಮನೆಯ ಸಂಬಂಧ ಎಲ್ಲಿ ಕುದುರಿತೆಂಬುದು ಬೀದಿಯಲ್ಲಿ ಮೊದಲು ಗೊತ್ತಾಗುತ್ತಿದ್ದುದು ನಿಮಗೇ.

ಆದರೆ ತಾತ ತೀರಿಕೊಂಡ ರಾತ್ರಿ ನೀವು ಯಾರನ್ನೂ ಕಳಿಸಲಿಲ್ಲ. ನೀವೇ ಬಂದು ಬಾಗಿಲು ತಟ್ಟಿ, ‘ಊರಿಂದ ಫೋನು, ಸ್ವೆಟರ್ ಹಾಕ್ಕೊಂಡು ಬಾಮ್ಮಾ’ ಎಂದಷ್ಟೇ ಅಮ್ಮನಿಗೆ ಹೇಳಿದಿರಿ. ಅಮ್ಮ ರಿಸೀವರ್ ಇಟ್ಟು ತಿರುಗುವಷ್ಟರಲ್ಲಿ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ರಾಯರು ವಿಚಾರಿಸಿಕೊಂಡು ಬಂದಿದ್ದರು. ನೀವು ಅಮ್ಮನ ಸೆರಗಿನ ತುದಿಗೆ ಒಂದಿಷ್ಟು ನೋಟು ಗಂಟು ಹಾಕುತ್ತಿದ್ದಿರಿ. ನಾವು ಮಕ್ಕಳು ಬೆಳಗಿನ ತನಕ ನಿಮ್ಮ ನಡುಮನೆಯಲ್ಲೇ ಮಲಗಿದೆವು.

ಇಲಾಖೆಯ ಬಿಲ್ಲಿನಲ್ಲಿ ನೀವು ಮಾಡಿದ ಕರೆಗಳಿಗೆ ಲೆಕ್ಕವಿತ್ತು. ನಮಗಾಗಿ ಬಂದ ಕರೆಗಳಿಗೆ, ಅದಕ್ಕಾಗಿ ನೀವು ಸವೆಸಿದ ಚಪ್ಪಲಿಗೆ ಕಾಲಂ ಇರಲಿಲ್ಲ. 1995ರಲ್ಲಿ ಮೊಬೈಲು ಬಂದಾಗ ಬಂದ ಕರೆಗೂ ದುಡ್ಡು ತೆರಬೇಕಿತ್ತು. ಅದು ತೊಲಗಲು 2003 ಆಯಿತು. ಕಂಪನಿಗಳಿಗೆ ಹೊಳೆದ ಆ ವ್ಯಾಪಾರ ವ್ಯಾಪಾರಸ್ಥರ ಮನೆಯ ನಿಮಗೆ ಹೊಳೆಯಲೇ ಇಲ್ಲ ನೋಡಿ.

ಇನ್ನೊಂದು ವಿಷಯ. ಮೊನ್ನೆ ಮದುವೆಯೊಂದರಲ್ಲಿ ನಿಮ್ಮ ಮಗಳು ಸಿಕ್ಕಿದ್ದರು. ಬೊಂಬಾಯಿಯಲ್ಲಿದ್ದಾಗ, ದರ ಕಾಲುಭಾಗಕ್ಕಿಳಿಯುವ ಕಾಲು ಚಾರ್ಜು ಶುರುವಾಗಲೆಂದು ರಾತ್ರಿ ಹನ್ನೊಂದರ ತನಕ ಎಸ್‌ಟಿಡಿ ಬೂತಿನ ಮುಂದೆ ನಿಂತು ಕಾಯುತ್ತಿದ್ದರಂತೆ. ಡಯಲ್ ಮಾಡಿದರೆ ಎಂಗೇಜ್. ಎಷ್ಟೋ ಸಲ ಅಮ್ಮನ ದನಿ ಕೇಳದೆಯೇ ವಾಪಸ್ ಹೋದರಂತೆ. ದೆಹಲಿಯಲ್ಲಿದ್ದ ನಮ್ಮಣ್ಣನೂ ಕಾಯುತ್ತಿದ್ದುದು ಅದೇ ಕಾಲು ಚಾರ್ಜಿಗೆ. ಆ ಹೊತ್ತಿನಲ್ಲಿ ನಿಮ್ಮ ಲೈನ್ ಹಿಡಿದು ಕೂತಿರುತ್ತಿದ್ದವರು ನಾವೇ. ನಿಮಗದು ಗೊತ್ತಿತ್ತು. ಒಂದು ದಿನವಾದರೂ ‘ಬೇಗ ಮುಗಿಸಿ’ ಎನ್ನಲಿಲ್ಲ.

ನಿಮ್ಮ ಮಗಳು ಇದನ್ನು ನಗುತ್ತಲೇ ಹೇಳಿದರು. ನಾನು ನಂಬರು ಕೊಟ್ಟು, ಊರಿಗೆ ಬಂದಾಗ ನಮ್ಮಲ್ಲೇ ಇಳಿದುಕೊಳ್ಳಿ ಎಂದಿದ್ದೇನೆ. ಯುಗಾದಿಗೆ ಬರುತ್ತಾರಂತೆ.

ಇಂತಿ,
ಮೂರನೇ ಮನೆಯ ಹುಡುಗ