ಕವಿರಾಜಮಾರ್ಗವೂ ನಮ್ಮವ್ವನ ಪ್ರಶ್ನೆಯೂ

ಕಮಲಾಪುರದಿಂದ ಕಲಬುರಗಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಕುಳಿತು ಕವಿರಾಜಮಾರ್ಗವನ್ನು ಓದಿದವರು ಬಹಳ ಮಂದಿ ಇರಲಾರರು. ನಾನು ಓದಿದೆನು, ಪರೀಕ್ಷೆಯ ಭಯದಿಂದ ಓದಿದೆನೆಂದು ಒಪ್ಪಿಕೊಳ್ಳುವುದೇ ಮೇಲು. ದೋಷಗಳ ಪಟ್ಟಿ, ಅಲಂಕಾರಗಳ ಲಕ್ಷಣ ಎಷ್ಟು ಓದಿದರೂ ಮುಗಿಯುವಂತೆ ತೋರಲಿಲ್ಲ. ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿದ ಗ್ರಂಥವೆಂದು ಬರೆದರೆ ಅಂಕಗಳು ಬಂದಾವೆಂದು ನಂಬಿದ್ದೆ.

ಆದರೆ ಈ ಗ್ರಂಥದ ತವರು ನಮ್ಮ ಜಿಲ್ಲೆಯೇ ಅಲ್ಲವೆ? ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಇದು ರಚಿತವಾಯಿತು. ಶ್ರೀವಿಜಯನು ಬರೆದನೆಂದು ಅನೇಕ ವಿದ್ವಾಂಸರ ಮತ. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ವರ್ಣಿಸುತ್ತ ಗ್ರಂಥಕಾರನು ಒಂದು ಮಾತು ಹೇಳುತ್ತಾನೆ: ಇಲ್ಲಿಯ ಜನರು ಕ್ರಮವಾಗಿ ಓದದಿದ್ದರೂ ಕಾವ್ಯದ ಬಳಕೆಯಲ್ಲಿ ಪಳಗಿದ ಬುದ್ಧಿಯುಳ್ಳವರು. ಅದನ್ನು ಓದಿದಾಗ ನನಗೆ ನೆನಪಾದವಳು ನಮ್ಮವ್ವ.

ಅವ್ವನಿಗೆ ಅಕ್ಷರ ಬಾರದು. ಕಾಗದಪತ್ರಗಳಿಗೆ ಇಂದಿಗೂ ಹೆಬ್ಬೆಟ್ಟು. ಅಜ್ಜನ ಕಾಲದ ನಿಜಾಮಶಾಹಿಯಲ್ಲಿ ಶಾಲೆಯ ಭಾಷೆ ಉರ್ದು. ನಮ್ಮ ಮನೆಯವರಿಗೆ ಉರ್ದುವೂ ದಕ್ಕಲಿಲ್ಲ, ಕನ್ನಡದ ಓದೂ ದಕ್ಕಲಿಲ್ಲ. ಆ ಸಂಜೆ ಅವಳು ಜೋಳ ಹಸನು ಮಾಡುತ್ತಿದ್ದಾಗ ಉತ್ಸಾಹದಿಂದ ಹೇಳಿದೆ:

“ಅವ್ವಾ, ಓದು ಬರದವರಿಗೂ ಕಾವ್ಯ ತಿಳೀತದಂತ ಸಾವಿರ ವರ್ಷದ ಹಿಂದೇ ಬರದಾರ.”

“ಯಾರು ಬರದ್ರು ತಮ್ಮಾ? ಓದಿದವರೋ, ಓದದವರೋ?”

“ಓದಿದವರೇ.”

“ಹಂಗಾದ್ರ ಯಾರಿಗಿ ಕೇಳಿ ಬರದ್ರು?”

ಮೂರು ವರ್ಷದ ಬಿ.ಎ. ವ್ಯಾಸಂಗದಲ್ಲಿ ಇಂಥ ಪ್ರಶ್ನೆಯನ್ನು ನನಗಾರೂ ಕೇಳಿರಲಿಲ್ಲ.

ಇನ್ನೊಂದು ಸಂಗತಿಯಿದೆ; ಅದು ನನ್ನನ್ನು ಹೆಚ್ಚು ಚುಚ್ಚಿತು. ಕನ್ನಡದ ತಿರುಳು ಎಲ್ಲಿಯದೆಂದರೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನದು ಎನ್ನುತ್ತದೆ ಗ್ರಂಥ; ಎಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಕಡೆ. ಮಳಖೇಡವಲ್ಲ! ಕಳೆದ ವರ್ಷ ದೂರದ ಊರೊಂದರ ಭಾಷಣ ಸ್ಪರ್ಧೆಯಲ್ಲಿ ನನ್ನ ಬಾಯಿಂದ “ಹೇಳ್ಲತ್ತೀನಿ” ಎಂದು ಹೊರಬಿದ್ದಾಗ ಸಭೆಯೆಲ್ಲ ನಕ್ಕಿತ್ತು. ಮರಳಿ ಬಂದು ಒಂದು ತಿಂಗಳು ಮನೆಯಲ್ಲಿಯೂ ಪುಸ್ತಕದ ಕನ್ನಡವನ್ನೇ ಆಡಿದೆ. “ನೀ ಯಾರ ಮನ್ಯಾಗ ಮಾತಾಡ್ಲತ್ತೀ?” ಎಂದಳು ಅವ್ವ. ಈಗ ನಮ್ಮದೇ ಗ್ರಂಥವೂ ನಕ್ಕವರ ಪಕ್ಷವಹಿಸಿತೆ ಎಂದು ಖಿನ್ನನಾದೆ.

ಮರಳಿ ಓದಿದಾಗ ಸ್ವಲ್ಪ ಬೇರೆಯಾಗಿ ತೋರಿತು. ತನ್ನ ರಾಜಧಾನಿಯ ನುಡಿಯೇ ಶ್ರೇಷ್ಠವೆಂದು ಆ ಆಸ್ಥಾನವು ಸಾರಬಹುದಾಗಿತ್ತು, ತಡೆಯುವವರಾರು? ಸಾರಲಿಲ್ಲ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಎಣಿಸಹೋದರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತೆಂದೂ ಅಲ್ಲಿಯೇ ಇದೆ. ಇದರಲ್ಲಿ ಗ್ರಂಥಕಾರನ ಅಸಮಾಧಾನವುಂಟೆಂದು ನಮ್ಮ ಅಧ್ಯಾಪಕರು ಹೇಳುತ್ತಾರೆ, ಅದು ನಿಜವಿದ್ದೀತು. ನನಗಂತೂ ಅವನು ಊರೂರಿನ ಮಾತಿಗೆ ಕಿವಿಗೊಟ್ಟು ಸುಸ್ತಾದವನಂತೆ ಕಾಣುತ್ತಾನೆ. ಕೇಳದೆ ಸುಸ್ತಾಗುವುದು ಹೇಗೆ? ಅವ್ವನ ಪ್ರಶ್ನೆಗೆ ಇದು ಅರ್ಧ ಉತ್ತರವಾದೀತು. ಓದದವರನ್ನು ಹೊಗಳಿದವನೇ ಮುಂದೆ ತಪ್ಪು ಮಾತುಗಳ ಪಟ್ಟಿ ಕೊಟ್ಟನೇಕೆ ಎಂಬುದಕ್ಕೆ ಮಾತ್ರ ಉತ್ತರ ಸಿಕ್ಕಿಲ್ಲ.

ಪರೀಕ್ಷೆಯಲ್ಲಿ ದಂಡಿಯ ವಿಷಯವನ್ನೇ ಬರೆದು ಬಂದೆ. ಈ ಲೇಖನ ಅಚ್ಚಾದ ಮೇಲೆ ಅವ್ವನಿಗೆ ಓದಿ ಹೇಳಬೇಕು. ಯಾವ ಕನ್ನಡದಲ್ಲಿ ಹೇಳಲೆಂಬುದನ್ನು ಇನ್ನೂ ನಿಶ್ಚಯಿಸಿಲ್ಲ.