ಪಂಪ್ ಮಾಡಿದರೆ ಹಿಡಿಯುತ್ತೆ

"ನಾಲ್ಕು ಸಲ ಪಂಪ್ ಮಾಡಿ ಮೇಷ್ಟ್ರೇ, ಹಿಡ್ಕೊಳ್ಳುತ್ತೆ" ಅಂದರು ಎದುರುಮನೆಯವರು. ಬೆಳಿಗ್ಗೆ ಕಿವಿಗೆ ಬಿದ್ದ ಈ ಮಾತು ಊಟದ ಹೊತ್ತಾದರೂ ನನ್ನ ತಲೆಯಿಂದ ಇಳಿಯಲೊಲ್ಲದು.

ಪಕ್ಕದ ಮನೆಯ ಮೇಷ್ಟ್ರದು ಬಿಳಿ ಮಾರುತಿ 800. ಕೊರೊನಾ ಕಾಲದಲ್ಲಿ ಶೀಟಿನ ಕೆಳಗೆ ನಿಂತದ್ದು ಇವತ್ತಿನವರೆಗೂ ಗೇಟು ದಾಟಿಲ್ಲ. ಮಗ ಅಮೆರಿಕದಿಂದ ಬರುತ್ತಿದ್ದಾನೆ. ಅಮ್ಮನನ್ನು ಅದೇ ಕಾರಿನಲ್ಲಿ ನಂಜನಗೂಡಿಗೆ ಕರೆದುಕೊಂಡು ಹೋಗಬೇಕು, ಅಲ್ಲಿಂದ ಬಂದಮೇಲೆ ಒಂದು ದಿನ ಧರ್ಮಸ್ಥಳಕ್ಕೂ ಹೋಗಿಬರಬೇಕು ಅಂತ ಅವನ ಆಸೆ. ಮೇಷ್ಟ್ರು ಭಾನುವಾರ ಭಾನುವಾರ ತಪ್ಪದೆ ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆಫ್ ಮಾಡುತ್ತಾ ಬಂದವರು. ಹಾಗಾಗಿ ಗಾಡಿ ಕಂಡೀಷನ್ನಿನಲ್ಲಿದೆ ಎಂದೇ ಬೀದಿಯವರೆಲ್ಲರ ನಂಬಿಕೆ. ಇವತ್ತು ಬ್ರೇಕ್ ಒತ್ತಿದರೆ ಕಾಲು ಸೀದಾ ಮ್ಯಾಟಿಗೆ ತಾಗಿತು. ಪಂಪ್ ಮಾಡಿದರು, ಪೆಡಲ್ ಮೇಲೆ ಬಂತು. ನಿಂತವರ ಮುಖವೆಲ್ಲ ಅರಳಿತು. ನನಗೆ ಕೆರಳಿದ್ದು ಆಗಲೇ.

ನಿಂತ ಗಾಡಿಯ ಬಗ್ಗೆ ನಾವು ಕೇಳುವುದು ಒಂದೇ ಪ್ರಶ್ನೆ: "ಸ್ಟಾರ್ಟ್ ಆಗುತ್ತಾ?" ಹಳೇ ಕಾರು ಮಾರುವವರೂ ಮೊದಲು ಹೇಳುವುದು ಅದನ್ನೇ, ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ ಸಾರ್ ಅಂತ. ಬ್ಯಾಟರಿ ಹೊಸದು ಹಾಕಿಸುತ್ತೇವೆ, ಪೆಟ್ರೋಲ್ ಬದಲಿಸುತ್ತೇವೆ, ಮೈ ತೊಳೆದು ಮಂಗಳಾರತಿ ಎತ್ತುತ್ತೇವೆ. "ನಿಲ್ಲುತ್ತಾ?" ಎಂದು ಕೇಳುವವರು ಕಾಣೆ. ಸ್ಟಾರ್ಟ್ ಆಗದ ಕಾರಿನಿಂದ ಯಾರಿಗೂ ಅಪಾಯವಿಲ್ಲ, ಅದು ಇದ್ದಲ್ಲೇ ಇರುತ್ತದೆ. ಸ್ಟಾರ್ಟ್ ಆಗಿ, ಗೇಟು ದಾಟಿ, ಆಮೇಲೆ ನಿಲ್ಲಲಾರದ ಕಾರು ಅಪಾಯ. ಪ್ರತಿ ಭಾನುವಾರ ಎಂಜಿನ್ ಓಡಿಸಿದ್ದರಿಂದ ಎಂಜಿನ್ನಿಗೆ ಏನೋ ಕೊಂಚ ಒಳ್ಳೆಯದಾಗಿರಬಹುದು. ಹಿಂದಿನ ಚಕ್ರದೊಳಗೆ ಕೂತ ಬ್ರೇಕಿನ ರಬ್ಬರಿಗೆ ಅದರಿಂದ ಆದದ್ದೇನೂ ಇಲ್ಲ.

ಪಂಪ್ ಮಾಡಿದರೆ ಪೆಡಲ್ ಏರುವುದೇಕೆ? ದ್ರವ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹೈಸ್ಕೂಲಿನ ಪಾಸ್ಕಲ್ ಪಾಠ, ಬಿಡಿಸಿ ಹೇಳಬೇಕಿಲ್ಲ. ಪೈಪಿನಲ್ಲಿ ಗಾಳಿ ಹಿಡಿದಿದ್ದರೆ ಪೆಡಲ್ ಇಳಿಯುವ ದೂರವೆಲ್ಲ ಆ ಗಾಳಿಯನ್ನು ಒತ್ತುವುದಕ್ಕೇ ಖರ್ಚು. ಬಿಟ್ಟು ಬಿಟ್ಟು ಒತ್ತಿದಾಗ ಬ್ರೇಕ್ ಆಯಿಲಿನ ಡಬ್ಬಿಯಿಂದ ಇನ್ನಷ್ಟು ಆಯಿಲ್ ಒಳಗೆ ಹೋಗಿ ಕೊರತೆಯನ್ನು ತುಂಬುತ್ತದೆ, ಪೆಡಲ್ ಏರಿದಂತೆ ಕಾಣುತ್ತದೆ. ಕಾಯಿಲೆ ಎಲ್ಲಿತ್ತೋ ಅಲ್ಲೇ ಇರುತ್ತದೆ. ನಂಜನಗೂಡು ರಸ್ತೆಯಲ್ಲಿ ಮುಂದಿನ ಬಸ್ಸು ಗಕ್ಕನೆ ನಿಂತರೆ ನಾಲ್ಕು ಸಲ ಪಂಪ್ ಮಾಡುವಷ್ಟು ಹೊತ್ತು ಯಾರು ಕೊಡುತ್ತಾರೆ? ಒಂದೇ ಒತ್ತಿಗೆ ಹಿಡಿಯಬೇಕು. ಅಷ್ಟು ಸಾಧ್ಯವಿಲ್ಲದಿದ್ದರೆ ಆ ಗಾಡಿಗೆ ಬ್ರೇಕ್ ಇಲ್ಲ ಎಂದೇ ಲೆಕ್ಕ.

ಪೆಡಲ್ ತನ್ನ ತೊಂದರೆಯನ್ನು ತಾನೇ ಹೇಳುತ್ತದೆ, ಕಾಲಿಟ್ಟವರಿಗೆ ಕೇಳುವ ತಾಳ್ಮೆ ಬೇಕು. ಒತ್ತಿದಾಗ ಮೆತ್ತಗೆ ಪುಟಿಯುತ್ತಿದ್ದರೆ ಗಾಳಿ, ಇಲ್ಲವೇ ಉಬ್ಬುವಷ್ಟು ಹಳತಾದ ಹೋಸು. ಮೊದಲ ಒತ್ತಿಗೆ ಆಳಕ್ಕೆ ಹೋಗಿ ಎರಡನೆಯದಕ್ಕೆ ಗಟ್ಟಿಯಾಗಿ ಮೇಲೇ ನಿಂತರೆ ಹಿಂದಿನ ಡ್ರಮ್ಮಿನ ಶೂ ಸವೆದು ದೂರ ಸರಿದಿರಬಹುದು, ಅಡ್ಜಸ್ಟ್ ಮಾಡಿದರಾಯಿತು. ಕಾಲನ್ನು ಒತ್ತಿ ಹಿಡಿದೇ ಇದ್ದರೂ ಪೆಡಲ್ ನಿಧಾನವಾಗಿ ಇಳಿಯುತ್ತಾ ಹೋಗಿ, ಹೊರಗೆಲ್ಲೂ ಒಂದು ಹನಿ ಸೋರಿಕೆ ಕಾಣದಿದ್ದರೆ ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಒಳಗೊಳಗೇ ಸೋರುತ್ತಿದೆ ಎಂದು ತಿಳಿಯಬೇಕು. ಎಂಜಿನ್ ಸ್ಟಾರ್ಟ್ ಆದಾಗ ಪೆಡಲ್ ಒಂದಿಷ್ಟು ಇಳಿಯುವುದು ಮಾತ್ರ ದೋಷವಲ್ಲ, ಬೂಸ್ಟರ್ ಇರುವ ಗಾಡಿಯಲ್ಲಿ ಅದು ಹಾಗೇ ಇರಬೇಕು.

ಮೆಕ್ಯಾನಿಕ್ ಹುಡುಗ ಬಂದ. ಡಬ್ಬಿಗೆ ಆಯಿಲ್ ಸುರಿಯುವ ಮೊದಲು ಚಕ್ರ ಬಿಚ್ಚಿದ, ನನಗೆ ಸಮಾಧಾನವಾಯಿತು. ಎಡಗಡೆ ಹಿಂದಿನ ಡ್ರಮ್ ತುಕ್ಕಿನಿಂದ ಕಚ್ಚಿಕೊಂಡಿತ್ತು, ಸುತ್ತಲೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎಳೆಯಬೇಕಾಯಿತು. ಒಳಗೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿಯ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಎತ್ತಿದ ಕೂಡಲೇ ಎರಡನೇ ಡಿಕಾಕ್ಷನ್ ಬಣ್ಣದ ಆಯಿಲ್ ತೊಟ್ಟಿಕ್ಕಿ ಶೂವಿನ ಲೈನರ್ ಮೇಲೆ ಇಳಿಯಿತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತ ಪಿಸ್ಟನ್ನಿನ ಸುತ್ತ ಸಿಲಿಂಡರಿನ ಗೋಡೆ ತುಕ್ಕು ಹಿಡಿದು ಕುಳಿ ಬಿದ್ದಿತ್ತು. ಇವತ್ತು ಪಂಪ್ ಮಾಡಿದ್ದರಿಂದ ರಬ್ಬರು ಆ ಕುಳಿಗಳ ಮೇಲೆ ಹರಿದಾಡಿ ಇನ್ನಷ್ಟು ಕಿತ್ತಿತ್ತು. ಮಾಸ್ಟರ್ ಸಿಲಿಂಡರಿಗೂ ಇದೇ ಗತಿಯಾಗಬಹುದು. ದಿನನಿತ್ಯದ ಓಡಾಟದಲ್ಲಿ ಅದರ ರಬ್ಬರು ಅರ್ಧ ದಾರಿಯಷ್ಟೇ ಹೋಗಿಬರುತ್ತದೆ. ಪೆಡಲನ್ನು ನೆಲದವರೆಗೆ ತುಳಿದಾಗ, ಎಂದೂ ಹೋಗದ ತುಕ್ಕಿನ ಜಾಗಕ್ಕೆ ಅದನ್ನು ತಳ್ಳಿದಂತೆ. ನಿಂತ ಗಾಡಿಯ ಪೆಡಲನ್ನು ನೆಲ ಕಾಣಿಸುವಷ್ಟು ತುಳಿಯಬೇಡಿ ಎಂದು ನಾನು ಬೀದಿಯಲ್ಲಿ ಬಾಯಿ ಮಾಡಿದ್ದು ಇದಕ್ಕೇ.

ಮಾರುತಿ 800ರ ಸಾಮಾನು ಈಗಲೂ ಸಿಗುತ್ತದೆ. ಮಧ್ಯಾಹ್ನದೊಳಗೆ ಹೊಸ ವೀಲ್ ಸಿಲಿಂಡರ್, ಶೂ ಬಂದವು. ಏರ್ ತೆಗೆಯುವುದು ಇಬ್ಬರ ಕೆಲಸ. ಸೀಟಿನಲ್ಲಿ ಮೇಷ್ಟ್ರ ಹೆಂಡತಿ ಕೂತರು.

"ಒತ್ತಿ ಅಮ್ಮಾ."

"ಒತ್ತಿದೆ ಕಣಪ್ಪಾ."

"ಹಂಗೇ ಹಿಡ್ಕೊಂಡಿರಿ. ನಾನು ಹೇಳೋವರ್ಗೂ ಬಿಡ್ಬೇಡಿ."

ಅರ್ಧ ಸುತ್ತು ಏರ್ ಬಿಡುವ ನಿಪ್ಪಲ್ ಸಡಿಲಿಸುತ್ತಿದ್ದಂತೆ ಪಾರದರ್ಶಕ ಟ್ಯೂಬಿನಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಹೊರಟವು. ಪೆಡಲ್ ಇಳಿಯಿತು, ನಿಪ್ಪಲ್ ಬಿಗಿಯಾಯಿತು, "ಈಗ ಬಿಡಿ ಅಮ್ಮಾ." ನಿಪ್ಪಲ್ ಬಿಗಿಯುವ ಮೊದಲು ಕಾಲು ಬಿಟ್ಟರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಮೊದಲಿನಿಂದ ಶುರು. ಆ ತಾಯಿ ಒಂದು ಸಲವೂ ತಪ್ಪಲಿಲ್ಲ. ಗುಳ್ಳೆ ನಿಂತವು, ಕಂದು ಹೋಗಿ ತಿಳಿ ಬಂತು. ಕಾಲಿಗೆ ಪೆಡಲ್ ಗಟ್ಟಿಯಾಗಿ ಸಿಕ್ಕಿದ ಕ್ಷಣ "ಬಂತು!" ಎಂದು ಮೊದಲು ಕೂಗಿದವರು ಅವರೇ.

ಸೋರಿದ್ದು ಒಂದೇ ಚಕ್ರ, ಅದೊಂದನ್ನು ಮಾಡಿದರೆ ಸಾಲದೆ ಎಂದರು ಮೇಷ್ಟ್ರು. ಸಾಲದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ನಿಂತ ಗಾಡಿಯಲ್ಲೂ ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಗೆರೆ 140ಕ್ಕೆ ಇಳಿಯುತ್ತದೆ. ಮನೆಯ ಮುಂದೆ ಪೆಡಲ್ ಕಲ್ಲಿನಂತಿದ್ದ ಕಾರೇ ಶಿರಾಡಿ ಘಾಟಿಯಲ್ಲಿ ಬ್ರೇಕ್ ಒತ್ತಿ ಒತ್ತಿ ಇಳಿಯುವಾಗ, ಕಾದ ಆಯಿಲಿನ ನೀರು ಆವಿಯಾಗಿ ಪೆಡಲ್ ಕುಸಿಯುತ್ತದೆ. ಹತ್ತಿದ ಗೇರಿನಲ್ಲೇ ಇಳಿ ಎನ್ನುವ ನಮ್ಮ ಘಾಟಿ ಡ್ರೈವರುಗಳ ಪಾಠ ಎಷ್ಟು ಬೆಲೆಯದು! ನಾಲ್ಕೂ ಚಕ್ರದ ಆಯಿಲ್ ಬದಲಾಯಿಸಿಯೇ ಹುಡುಗ ಮೇಲೆದ್ದ.

ಈ ದ್ರವದ ಬ್ರೇಕನ್ನು ಕಾರಿಗೆ ತಂದವನು ಮಾಲ್ಕಂ ಲಾಕ್‌ಹೀಡ್ ಎಂಬ ಅಮೆರಿಕದವನು. 1921ರಲ್ಲಿ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಅದು ಬಂತು. ಅವನೂ ತಮ್ಮ ಆಲನ್ನೂ ಕೂಡಿ ವಿಮಾನ ಕಟ್ಟುತ್ತಿದ್ದವರು. ಅಣ್ಣ ಅದನ್ನು ಬಿಟ್ಟು ಬ್ರೇಕಿನ ಹಿಂದೆ ಬಿದ್ದ, ತಮ್ಮ ಮುಂದೆಯೂ ವಿಮಾನ ಕಟ್ಟಿದ. ಇವತ್ತು ಲಾಕ್‌ಹೀಡ್ ಎಂದರೆ ಜನಕ್ಕೆ ನೆನಪಾಗುವುದು ವಿಮಾನ. ದಿನಕ್ಕೆ ನೂರು ಸಲ ಕಾಲಿಡುವ ಪೆಡಲಿನ ಕೆಳಗೆ ಅಣ್ಣನ ಶ್ರಮ ಇದೆಯೆಂದು ಎಷ್ಟು ಜನಕ್ಕೆ ಗೊತ್ತು? ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲೂ ನನ್ನ ಕಣ್ಣು ಹೋಗುವುದು ಆ ಅಣ್ಣನಂತೆ ಯಾರ ಗಮನಕ್ಕೂ ಬಾರದೆ ನಿಲ್ಲಿಸುವ ಕೆಲಸ ಮಾಡುವವರ ಕಡೆಗೇ. ಐದು ರಥಗಳಲ್ಲಿ ಶ್ರೀಕಂಠೇಶ್ವರನ ಗೌತಮ ರಥವೇ ದೊಡ್ಡದು. ಹಗ್ಗಕ್ಕೆ ಕೈಹಚ್ಚುವ ಪುಣ್ಯಕ್ಕೆ ಸಾವಿರಾರು ಜನ. ರಥ ಓರೆಯಾಗದಂತೆ, ತೇರು ಬೀದಿಯ ತಿರುವಿನಲ್ಲಿ ತಿರುಗುವಂತೆ, ಎಲ್ಲಿ ಬೇಕೋ ಅಲ್ಲೇ ನಿಲ್ಲುವಂತೆ ಉರುಳುವ ಚಕ್ರದ ಅಡಿಗೆ ಮರದ ತುಂಡು ಕೊಟ್ಟು, ಕೈ ಹಿಂದೆಳೆದುಕೊಳ್ಳುವವರು ಬೆರಳೆಣಿಕೆಯವರು. ಈ ಸಲ ಜಾತ್ರೆಗೆ ಹೋದಾಗ ಅವರಲ್ಲಿ ಒಬ್ಬರನ್ನಾದರೂ ಕೂರಿಸಿಕೊಂಡು ಮಾತಾಡಿಸಬೇಕು. ತುಂಡು ಯಾವ ಮರದ್ದು, ಕೊಡುವ ಹೊತ್ತು ಬಂತೆಂದು ಗೊತ್ತಾಗುವುದು ಚಕ್ರದ ಸದ್ದಿನಿಂದಲೋ ನೋಟದಿಂದಲೋ, ಈ ಕೆಲಸವನ್ನು ಅವರ ಮನೆಯ ಮಕ್ಕಳು ಯಾವ ವಯಸ್ಸಿಗೆ ಕಲಿಯಲು ಶುರು ಮಾಡುತ್ತಾರೆ, ಎಲ್ಲವನ್ನೂ ಕೇಳಬೇಕು.