ಮೊದಲ ಕೋವಿ: ಯಾವ ಬೋರು ತಗೊಳ್ಳೋದು?

ಅಡಿಕೆ ಕೊಯ್ಲು ಮುಗಿದು ಸ್ವಲ್ಪ ಕೈ ಬಿಡುವಾಗಿದೆ. ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ಉದ್ದ ಆಗುತ್ತೆ, ಪುರುಸೊತ್ತಲ್ಲಿ ಓದಿ.

ನಮ್ಮ ಅಕ್ಕನ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಎರಡು ವರ್ಷ ಆಯ್ತು. ಕಾಡಂಚಿನ ಗದ್ದೆ, ಮೇಲೆ ಎಳೆ ಅಡಿಕೆ ತೋಟ. ಹಂದಿ ಗದ್ದೆಯನ್ನು ಉತ್ತು ಹಾಕುತ್ತೆ, ಕಡವೆ ಬಂದು ಸಸಿಯ ಸುಳಿ ತಿಂದು ಹೋಗುತ್ತೆ. ಬೆಳೆ ರಕ್ಷಣೆಗೆ ಅಂತ ಕೋವಿ ಲೈಸೆನ್ಸಿಗೆ ಅರ್ಜಿ ಹಾಕಿದ್ದಾನೆ. ಮೊನ್ನೆ ಕೇಳಿದ: "ಮಾವ, 12 ಬೋರ್ ತಗೊಳ್ಳೋದಾ, .315 ರೈಫಲ್ ತಗೊಳ್ಳೋದಾ? ಯೂಟ್ಯೂಬಲ್ಲಿ ಇಂಗ್ಲೆಂಡಿನವ್ರು ಜಿಂಕೆಗೆ .243 ಬೆಸ್ಟ್ ಅಂತಾರಲ್ಲ?"

ಇದೇ ಪ್ರಶ್ನೆ ನಮ್ಮ ಸುತ್ತಮುತ್ತ ಇನ್ನೂ ಮೂರ್ನಾಲ್ಕು ಹುಡುಗರು ಕೇಳಿದ್ದಾರೆ. ಆದ್ದರಿಂದ ಎಲ್ಲರಿಗೂ ಸೇರಿಸಿ ಇಲ್ಲೇ ಬರೀತಿದ್ದೀನಿ.

ಮೊದಲು ಆ ಯೂಟ್ಯೂಬ್ ವಿಷಯ ಮುಗಿಸೋಣ. ಇಂಗ್ಲೆಂಡು, ಸ್ಕಾಟ್ಲೆಂಡಿನಲ್ಲಿ ಜಿಂಕೆ ಹೊಡೆಯೋದು ಕಾನೂನುಬದ್ಧ. ಅಲ್ಲಿ ತೋಳ, ಕರಡಿ ಎಲ್ಲಾ ಯಾವತ್ತೋ ನಿರ್ನಾಮ ಆಗಿ, ಜಿಂಕೆ ಸಂಖ್ಯೆಯನ್ನು ಮನುಷ್ಯನೇ ಇಳಿಸಬೇಕಾದ ಸ್ಥಿತಿ. ಹೊಡೆದರೆ ಪ್ರಾಣಿ ನರಳದೆ ಅಲ್ಲೇ ಬೀಳಬೇಕು ಅಂತ ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ರೈಫಲ್ಲಿಗೆ ಕನಿಷ್ಠ ಅಳತೆ ಇಟ್ಟಿದೆ: .240 ಇಂಚಿಗಿಂತ ಸಣ್ಣ ಕ್ಯಾಲಿಬರ್ ಇರಬಾರದು, ನಳಿಗೆ ಬಾಯಲ್ಲಿ ಗುಂಡಿಗೆ 1,700 ಅಡಿ-ಪೌಂಡ್ ಶಕ್ತಿ ಇರಬೇಕು. .243 ಆ ಗೆರೆಯ ಸ್ವಲ್ಪ ಮೇಲಿದೆ, ಒದೆತ ಕಮ್ಮಿ. ಅದಕ್ಕೇ ಅಲ್ಲಿ ಹೊಸಬರಿಗೆ ಅದನ್ನು ಹೇಳ್ತಾರೆ. ಅವರ ಲೆಕ್ಕ ಅವರಿಗೆ ಸರಿ.

ನಮ್ಮಲ್ಲಿ ಕಡವೆ, ಜಿಂಕೆ, ಕಾಡುಕುರಿ ಯಾವುದನ್ನೂ ಹೊಡೆಯೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿ ಅನ್ನೋದು ಮುಗಿದ ಕತೆ. ಲೈಸೆನ್ಸ್ ಕೋವಿ ಇದ್ದರೂ ಅಷ್ಟೆ, ಸ್ವಂತ ತೋಟದ ಒಳಗೆ ಆದರೂ ಅಷ್ಟೆ. ಹಂದಿಗೂ ಸುಮ್ಮನೆ ಈಡು ಹೊಡೆಯೋ ಹಾಗಿಲ್ಲ. ಬೆಳೆ ಹಾಳು ಮಾಡುವ ಪ್ರಾಣಿಯನ್ನು ಕೊಲ್ಲಲು ಆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಧಿಕಾರಿಯ ಲಿಖಿತ ಅನುಮತಿ ಬೇಕು. ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಮಾತ್ರ ಅಪರಾಧ ಅಲ್ಲ. ಆಗಲೂ ಸತ್ತ ಪ್ರಾಣಿ ಸರ್ಕಾರದ್ದು, ನಮ್ಮದಲ್ಲ. ಕೇಸ್ ಆದರೆ ಕೋವಿಯೂ ಹೋಯ್ತು, ಸಾಗಿಸಿದ ಜೀಪೂ ಹೋಯ್ತು. ಕೊಡಗಿನಲ್ಲಿ ಜಮ್ಮಾ ಹಿಡುವಳಿದಾರರಿಗೆ ಮತ್ತು ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿ ಹಿಡಿದಿದೆ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ, ಶಿಕಾರಿಗಲ್ಲ.

ಹಾಗಾದ್ರೆ ಕೋವಿ ಯಾಕೆ ಬೇಕು? ಎರಡೇ ಕೆಲಸಕ್ಕೆ. ಒಂದು, ಶಬ್ದ. ಇನ್ನೊಂದು, ರಾತ್ರಿ ಗದ್ದೆ ಕಾಯೋವಾಗ ಏನಾದರೂ ಮೈಮೇಲೆ ಬಂದರೆ ಹತ್ತಿಪ್ಪತ್ತು ಮಾರು ದೂರದಲ್ಲಿ ಜೀವ ಉಳಿಸಿಕೊಳ್ಳೋಕೆ. ಈ ಎರಡು ಕೆಲಸ ತಲೆಯಲ್ಲಿ ಇಟ್ಟುಕೊಂಡರೆ ಯಾವ ಬೋರು ಅನ್ನೋ ಪ್ರಶ್ನೆ ಅರ್ಧ ತೀರಿದ ಹಾಗೆ.

ಹುಡುಗನಿಗೆ ನಾನು ಅಂಗಡಿಗೆ ಹೋಗಬೇಡ, ಮೊದಲು ನಿನ್ನ ಗದ್ದೆಯಲ್ಲಿ ನನ್ನ ಜೊತೆ ಒಂದು ಸುತ್ತು ಬಾ ಅಂದೆ. ಅಟ್ಟಣೆ ಹತ್ತಿ ನಿಂತು, ಹಂದಿ ಬರೋ ಐದು ಕಂಡಿ ತೋರಿಸು ಅಂದೆ. ಒಂದೊಂದಕ್ಕೂ ಕೈ ಮಾಡಿದ ಹಾಗೆ ಕೇಳಿದೆ: "ಅದರ ಹಿಂದೆ ಏನಿದೆ?" ಮೊದಲನೆಯದರ ಹಿಂದೆ ಮಣ್ಣಿನ ಧರೆ. ಎರಡನೆಯದರ ಹಿಂದೆ ಬಿದಿರು ಮೆಳೆ, ಅದರಾಚೆ ಕೆಲಸದವರ ಲೈನ್ ಮನೆ. ಮೂರನೆಯದರ ಹಿಂದೆ ಊರಿನ ರಸ್ತೆ. ನಾಲ್ಕನೆಯದು ಪಕ್ಕದವರ ಕೊಟ್ಟಿಗೆ. ಐದನೆಯದರ ಹಿಂದೆ ಏನಿದೆ ಅಂತ ಅವನಿಗೇ ಗೊತ್ತಿರಲಿಲ್ಲ, ಹೋಗಿ ನೋಡಿದ್ರೆ ಶಾಲೆಗೆ ಹೋಗೋ ಮಕ್ಕಳ ಕಾಲುದಾರಿ.

ಐದರಲ್ಲಿ ಒಂದೇ ಒಂದು ಕಡೆ ಗುಂಡು ಮಣ್ಣಿಗೆ ಹೋಗುತ್ತೆ. ಉಳಿದ ನಾಲ್ಕೂ ಕಡೆ ಮನುಷ್ಯರಿದ್ದಾರೆ. ಸ್ಕಾಟ್ಲೆಂಡಿನ ಜಿಂಕೆ ಹೊಡೆಯುವವರಿಂದ ನಾವು ಕಲಿಯೋದು ಏನಾದ್ರೂ ಇದ್ರೆ ಇದೊಂದೇ. ಪ್ರಾಣಿಯ ಹಿಂದೆ ಮಣ್ಣಿನ ದಿಬ್ಬ ಕಾಣದಿದ್ರೆ ಅವರು ಟ್ರಿಗರ್ ಮುಟ್ಟಲ್ಲ. ಅವರದ್ದು ಬೋಳು ಗುಡ್ಡ, ಹಗಲು ಬೆಳಕು, ಮೈಲಿಗೊಂದು ಮನೆ. ನಮ್ಮದು ಪೊದೆ, ಕತ್ತಲೆ, ಕೂಗಿದರೆ ಕೇಳೋ ದೂರದಲ್ಲಿ ಮನೆ.

ಈಗ ರೈಫಲ್ ವಿಷಯ. .315 ನಮ್ಮ ಸರ್ಕಾರಿ ಆರ್ಡ್ನೆನ್ಸ್ ಫ್ಯಾಕ್ಟರಿಗಳು ಮಾಡೋ ರೈಫಲ್. .303, 7.62ರಂಥ ಮಿಲಿಟರಿ ಗುಂಡಿನವು ನಿಷೇಧಿತ ಬೋರ್ ಆದ್ದರಿಂದ ಸಾಮಾನ್ಯರಿಗೆ ಸಿಗೋದು ಹೆಚ್ಚಾಗಿ ಇದೇ. ಒಳ್ಳೆ ಮಾಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಗುಂಡು ಗುರಿ ತಪ್ಪಿದರೆ ಎರಡು ಕಿಲೋಮೀಟರ್ ಆಚೆಗೂ ಹೋಗುತ್ತೆ. ಹಂದಿಯ ಮೈ ತೂರಿ ಹೊರಗೆ ಬಂದಮೇಲೂ ಮನುಷ್ಯನನ್ನು ಕೊಲ್ಲೋಷ್ಟು ಶಕ್ತಿ ಉಳಿದಿರುತ್ತೆ. "ಹಾಗಾದ್ರೆ ಸಣ್ಣದು, .22 ತಗೊಳ್ತೀನಿ" ಅಂತಾರೆ ಕೆಲವರು. ಆ ಸಣ್ಣ ಗುಂಡಿನ ಡಬ್ಬಿ ಮೇಲೇ ಒಂದೂವರೆ ಮೈಲಿವರೆಗೆ ಅಪಾಯ ಅಂತ ಬರೆದಿರುತ್ತಾರೆ. ಮೇಲಾಗಿ ನುಗ್ಗಿ ಬರೋ ಹಂದಿಯನ್ನು ಅದು ನಿಲ್ಲಿಸೋದೂ ಇಲ್ಲ. ನಮ್ಮಂಥ ಜಾಗದಲ್ಲಿ ರೈಫಲ್ಲಿಗೆ ಕೆಲಸವೇ ಇಲ್ಲ.

ಇನ್ನು ಕೇಪಿನ ಕೋವಿ. ನಳಿಗೆ ಬಾಯಿಂದ ಮದ್ದು ಗುಂಡು ಜಡಿಯೋ ಹಳೇ ಕೋವಿ. ಬೆಳೆ ರಕ್ಷಣೆಗೆ ಅಂತ 1959ರ ಆಯುಧ ಕಾಯ್ದೆಯಲ್ಲೇ ಇದರ ಹೆಸರಿದೆ, ಹಿಂದಿನವರ ಮನೆಯಲ್ಲೆಲ್ಲಾ ಇತ್ತು. ಖರ್ಚು ಕಮ್ಮಿ, ಶಬ್ದ ಜೋರು. ನನಗೆ ಇದರಲ್ಲಿ ಹಿಡಿಸದೇ ಇರೋದು ಒಂದೇ. ಒಮ್ಮೆ ಜಡಿದ ಮೇಲೆ ಖಾಲಿ ಮಾಡೋಕೆ ಹೊಡೆದೇ ತೀರಬೇಕು, ಇಲ್ಲದಿದ್ರೆ ಮುಳ್ಳುಕಡ್ಡಿ ಹಾಕಿ ಬಿಡಿಸೋ ರಗಳೆ. ಆದ್ದರಿಂದ ಜನ ಜಡಿದ ಕೋವಿಯನ್ನೇ ಗೋಡೆಗೆ ನೇತುಹಾಕ್ತಾರೆ. ಕೇಪು ತೆಗೆದಿದ್ದೀನಿ ಅಂತ ಧೈರ್ಯ. ಮಕ್ಕಳಿರೋ ಮನೆಯಲ್ಲಿ ಆ ಧೈರ್ಯ ಬೇಡ. ಮಳೆಗಾಲದಲ್ಲಿ ಮದ್ದು ತಂಪು ಹಿಡಿದು, ಕೇಪು ಹೊಡೆದು ಕ್ಷಣ ಬಿಟ್ಟು ಈಡು ಹಾರೋದೂ ಉಂಟು. ಅಷ್ಟರಲ್ಲಿ ನಳಿಗೆ ಯಾವ ಕಡೆ ತಿರುಗಿರುತ್ತೋ.

ಉಳಿದದ್ದು ತೋಟೆ ಕೋವಿ, ಅಂದ್ರೆ 12 ಬೋರ್. ಈ 12 ಏನು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ಅಷ್ಟು ನಳಿಗೆಯ ಅಗಲ, ಸುಮಾರು 18.5 ಮಿ.ಮೀ. ಹಾಗಾಗಿ ನಂಬರ್ ಜಾಸ್ತಿ ಆದಷ್ಟೂ ನಳಿಗೆ ಸಣ್ಣ. 16, 20 ಬೋರು ಹಗುರ ಇರುತ್ತೆ, ಆದರೆ ತೋಟೆ ಹುಡುಕೋದೇ ಕೆಲಸ ಆಗುತ್ತೆ. 12 ಬೋರಿನ ತೋಟೆ ಎಲ್ಲಾ ಕೋವಿ ಅಂಗಡಿಯಲ್ಲೂ ಸಿಗುತ್ತೆ.

ಇದನ್ನು ಯಾಕೆ ಹೇಳ್ತೀನಿ ಅಂದ್ರೆ ಇದರಲ್ಲಿ ದೂರವನ್ನು ನಾವೇ ಆರಿಸಬಹುದು. 6 ನಂಬರಿನ ಸಣ್ಣ ಚರೆ ಸುಮಾರು 200 ಮೀಟರಿಗೆ ಸುಸ್ತಾಗಿ ಬೀಳುತ್ತೆ. ಶಬ್ದ ಮಾಡೋಕೆ ಅದು ಧಾರಾಳ ಸಾಕು, ಅದನ್ನೂ ಮಣ್ಣಿನ ಧರೆಗೇ ಹೊಡೀಬೇಕು. ಎಸ್‌ಜಿ ಅನ್ನೋ ದಪ್ಪ ಚರೆ ಒಂದು ತೋಟೆಯಲ್ಲಿ ಎಂಟೊಂಬತ್ತು ಇರುತ್ತೆ. ಹತ್ತಿರದಲ್ಲಿ ಹಂದಿಯನ್ನು ನಿಲ್ಲಿಸುತ್ತೆ, ಆದರೆ ನಲವತ್ತು ಗಜ ದಾಟಿದರೆ ಚದುರಿ ಎಲ್ಲೆಲ್ಲೋ ಹೋಗುತ್ತೆ, ಒಂದೊಂದು ಚರೆ ಐದಾರು ನೂರು ಮೀಟರ್ ಹೋಗಬಹುದು. ಒಂಟಿ ಗುಂಡು ಇನ್ನೂ ದೂರ ಹೋಗುತ್ತೆ. ಲೈನ್ ಮನೆ ಇರೋ ಕಡೆ ಒಂಟಿ ಗುಂಡಿನ ತೋಟೆಯನ್ನು ಮನೆಗೇ ತರಬೇಡಿ. ತಂದರೆ ಒಂದಲ್ಲ ಒಂದು ದಿನ ಹಾಕ್ತೀರಿ.

ಒಂಟಿ ನಳಿಗೆಯೋ ಜೋಡು ನಳಿಗೆಯೋ? ಮೊದಲ ಕೋವಿ ಒಂಟಿ ನಳಿಗೆಯೇ ಇರಲಿ ಅಂತ ನನ್ನ ಅಭಿಪ್ರಾಯ. ಹಗುರ, ಸರಳ, ಬೆಲೆಯೂ ಕಮ್ಮಿ. ಮುರಿದು ನೋಡಿದರೆ ಖಾಲಿಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ. ಜೋಡು ನಳಿಗೆಯಲ್ಲಿ ಎರಡನೇ ಈಡು ತಕ್ಷಣ ಸಿಗುತ್ತೆ ನಿಜ. ಆದರೆ ಒಂದು ಹೊಡೆದು ಗಾಬರಿಯಲ್ಲಿ ಇನ್ನೊಂದು ನಳಿಗೆ ತುಂಬಿರೋದೇ ಮರೆತುಬಿಡೋದು ಹೊಸಬರ ಕೈಯಲ್ಲೇ.

ಕೊಳ್ಳುವಾಗ ನೋಡಬೇಕಾದ್ದು:

ತೋಟೆ ಕೂರೋ ಜಾಗದ ಉದ್ದ ನಳಿಗೆ ಮೇಲೆ ಒತ್ತಿರ್ತಾರೆ. ಹಳೇ ಕೋವಿಗಳಲ್ಲಿ ಎರಡೂವರೆ ಇಂಚು ಇರುತ್ತೆ, ಈಗಿನವು ಎರಡೂ ಮುಕ್ಕಾಲು. ಎರಡೂವರೆಯದಕ್ಕೆ ಉದ್ದದ ತೋಟೆ ಹಾಕಿದರೂ ಹಿಡಿಸುತ್ತೆ, ಆದರೆ ಹೊಡೆದಾಗ ಒತ್ತಡ ಮಿತಿ ಮೀರುತ್ತೆ.

ತಾತನ ಕಾಲದ ಕೋವಿಯ ನಳಿಗೆ ಮೇಲೆ ಹಾವಿನ ಪೊರೆಯಂತೆ ಸುತ್ತುಸುತ್ತು ಗೆರೆ ಇದ್ದರೆ ಅದು ಡಮಾಸ್ಕಸ್ ನಳಿಗೆ. ಕರಿಮದ್ದಿನ ಕಾಲದ್ದು. ಈಗಿನ ತೋಟೆ ಅದಕ್ಕೆ ಹಾಕಬೇಡಿ.

20 ಬೋರಿನ ತೋಟೆ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತೆ. ಖಾಲಿ ಅಂದುಕೊಂಡು ಹಿಂದೆ 12ರ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿದು ಎಡಗೈ ಹೋಗುತ್ತೆ. ಮನೆಯಲ್ಲಿ ಎರಡು ಬೋರಿನ ತೋಟೆ ಇಡಲೇಬೇಡಿ.

ಮಳೆಗಾಲ ಕಳೆದ ಮೇಲೆ ಪ್ರತಿ ಸಲ ನಳಿಗೆಯಲ್ಲಿ ಬೆಳಕು ಹಾಯಿಸಿ ನೋಡಿ. ನಮ್ಮ ಕಡೆ ಕುಂಬಾರ ಹುಳಕ್ಕೆ ಕೋವಿ ನಳಿಗೆ ಅಂದ್ರೆ ಕಟ್ಟಿಸಿಟ್ಟ ಮನೆ. ಒಳಗೆ ಮಣ್ಣು ಇದ್ದು ಹೊಡೆದರೂ ಸಿಡಿಯೋದೇ.

ಕಾಗದ ಪತ್ರದ ವಿಷಯ ಚಿಕ್ಕದಾಗಿ. ಅರ್ಜಿ ಡಿಸಿ ಆಫೀಸಿಗೆ, ಪೊಲೀಸ್ ವರದಿ ಆಗಬೇಕು, ಬಂದೂಕು ತರಬೇತಿಯ ಸರ್ಟಿಫಿಕೇಟ್ ಬೇಕು. ಪೊಲೀಸ್ ಇಲಾಖೆ ನಡೆಸೋ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಸರ್ಟಿಫಿಕೇಟಿಗಾಗಿ ಅಷ್ಟೇ ಅಲ್ಲ, ಕಲಿಯೋಕೆ ಹೋಗಿ. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸಿನ ಅವಧಿ ಐದು ವರ್ಷ. ಚುನಾವಣೆ ಬಂದಾಗ ಠೇವಣಿ ಇಡಬೇಕಾಗುತ್ತೆ. ಆಗ ಹಂದಿಗೆ ನೀತಿ ಸಂಹಿತೆ ಇಲ್ಲ ಅನ್ನೋದು ನಮ್ಮೆಲ್ಲರ ಹಳೇ ಗೋಳು, ಇರಲಿ.

ಇಷ್ಟೆಲ್ಲಾ ಬರೆಯೋಕೆ ಕಾರಣ ಒಂದಿದೆ. ನಮ್ಮ ಮಲೆನಾಡಿನ ಪೇಪರಿನಲ್ಲಿ ಆಗಾಗ ಬರೋ ಸುದ್ದಿ ನಿಮಗೂ ಗೊತ್ತು. ಹಂದಿ ಅಂತ ಈಡು ಹೊಡೆದರು, ನೋಡಿದರೆ ಜೊತೆಗೆ ಹೋದವನೇ. ಪೊದೆ ಅಲುಗಿತು, ಕಣ್ಣು ಹೊಳೆಯಿತು, ಹೊಡೆದರು. ಸತ್ತವನ ಮನೆಯೂ ಹಾಳು, ಹೊಡೆದವನ ಮನೆಯೂ ಹಾಳು. ಅಲ್ಲಿ ಬೋರು ಯಾವುದು ಅಂತ ಯಾರೂ ಕೇಳಲ್ಲ.

ಕಡವೆ ಕಾಟಕ್ಕೆ ಕೋವಿ ಮದ್ದಲ್ಲ. ನಾಲ್ಕು ದಿನ ಶಬ್ದಕ್ಕೆ ಹೆದರುತ್ತೆ, ಐದನೇ ದಿನ ಕಿವಿ ಆಡಿಸಿಕೊಂಡು ಮೇಯುತ್ತೆ. ಎಳೆ ಸಸಿ ಇರೋ ಎರಡು ಮೂರು ವರ್ಷಕ್ಕೆ ಎಂಟಡಿ ಎತ್ತರದ ಬೇಲಿಯೇ ಗತಿ. ಹಾನಿ ಆದಾಗ ತಾರೀಖು ಇರೋ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರಕ್ಕೆ ಅರ್ಜಿ ಹಾಕಿ. ಸಿಗೋದು ಕಮ್ಮಿ, ಆದರೂ ಹಾಕಿ. ಎಷ್ಟು ಹಾಳಾಯ್ತು ಅನ್ನೋದು ದಾಖಲೆಯಲ್ಲಿ ಇರಬೇಕು.

ಹುಡುಗ ಒಂಟಿ ನಳಿಗೆ 12 ಬೋರಿಗೆ ಒಪ್ಪಿದ್ದಾನೆ. ಕೋವಿ ಇನ್ನೂ ಬಂದಿಲ್ಲ. ಅದಕ್ಕೆ ಮೊದಲು ಅಟ್ಟಣೆಯನ್ನು ಕಿತ್ತು ಧರೆಗೆ ಎದುರಾಗಿ ಕಟ್ಟಿಸಿದ್ದಾನೆ, ಲೈನ್ ಮನೆ ಈಗ ಬೆನ್ನಿಗೆ ಬರುತ್ತೆ. ಉಳಿದ ನಾಲ್ಕು ಕಂಡಿಗೆ ಬೇಲಿ. ನೀವೂ ಅರ್ಜಿ ಹಾಕಿದ್ರೆ, ಈ ಭಾನುವಾರ ನಿಮ್ಮ ಗದ್ದೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಪ್ರತಿ ಕಂಡಿಯ ಹಿಂದೆ ಏನಿದೆ ನೋಡಿ. ಆಮೇಲೆ ಅಂಗಡಿ.